ಹಳೆಯ ಕಾರಿನ ರೇಡಿಯೇಟರಿನಿಂದ ಕಂದು ರಾಡಿ ಬರುತ್ತಿದೆ. ಯಾವ ಕೆಮಿಕಲ್ ಹಾಕಿದರೆ ಪೂರ್ತಿ ಹೋಗುತ್ತದೆ?

ಯಾವುದೂ ಬೇಡ. ಕೊನೆಗೆ ಬೇಕಾಗಬಹುದು, ಈಗಂತೂ ಬೇಡ. ಮುಚ್ಚಳ ತೆಗೆದರೆ ಕಂದು ನೀರು, ಏರಿನಲ್ಲಿ ಕುದಿ, ಬ್ಲಾಕಿನ (ಸಿಲಿಂಡರುಗಳಿರುವ ಎಂಜಿನ್ನಿನ ಒಡಲಿನ) ನಲ್ಲಿ ತಿರುಗಿಸಿದರೆ ಒಂದು ಹನಿಯೂ ಇಲ್ಲ ಅಂತ ಬರೆದಿದ್ದೀರಿ. ಇದು ನನ್ನದೇ ಕಥೆ. ನಾನೂ ನಿಮ್ಮ ಹಾಗೇ ಮೊದಲು ಹುಡುಕಿಕೊಂಡು ಹೋಗಿದ್ದು ಡಬ್ಬಿಯನ್ನು.

ನನ್ನದು 1960ರ ಮೋರಿಸ್ ಮೈನರ್. 948 ಸಿಸಿಯ ಎ-ಸೀರೀಸ್ ಎಂಜಿನ್, ಬ್ಲಾಕೂ ಬೀಡು (ಎರಕದ ಕಬ್ಬಿಣ), ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡೂ ಬೀಡು. ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದ ಗಾಡಿ. ಡಬ್ಬಿಯ ಮೇಲೆ ಬರೆದಿತ್ತು: ರೇಡಿಯೇಟರಿಗೆ ಸುರಿಯಿರಿ, ಅರ್ಧ ಗಂಟೆ ಎಂಜಿನ್ ಓಡಿಸಿ, ಬಸಿಯಿರಿ. ಅಕ್ಷರಶಃ ಹಾಗೇ ಮಾಡಿದೆ. ಕೆಳಗಿಟ್ಟ ಬೋಗುಣಿಗೆ ಗಟ್ಟಿ ಕಷಾಯದಂಥದ್ದು ಬಿದ್ದಾಗ ನನಗೆ ಖುಷಿಯೋ ಖುಷಿ. ಎಷ್ಟು ಕೊಳೆ ಬಿಟ್ಟಿದೆ ನೋಡು ಅಂತ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಎರಡು ಸಲ ನೀರು ಹಾಯಿಸಿ, ಹೊಸ ಕೂಲಂಟ್ ತುಂಬಿ, ಕೈ ತೊಳೆದುಕೊಂಡೆ.

ಮೂರನೇ ದಿನ ಓಡಿಸುತ್ತಿದ್ದಾಗ ಹೀಟರಿನ ಬಿಸಿಗಾಳಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಈ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಟೆಂಪರೇಚರ್ ಗೇಜ್ ಇಲ್ಲ, ಹಾಗಾಗಿ ಹೆದರಿಸಲು ಮುಳ್ಳೂ ಇರಲಿಲ್ಲ. ಹೀಟರ್ ಹಾಗೆ ತಣ್ಣಗಾದರೆ ಒಳಗಿನ ನೀರು ತಗ್ಗಿರಬಹುದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಇನ್ನೊಂದೆರಡು ಕಿಲೋಮೀಟರ್ ಓಡಿಸಿದೆ. ಬಾನೆಟ್ಟಿನ ಸಂದಿಯಿಂದ ಹಬೆ ಬಂದ ಮೇಲೆ ನಿಲ್ಲಿಸಿದೆ. ಅಷ್ಟರಲ್ಲಿ 2 ಮತ್ತು 3ನೇ ಸಿಲಿಂಡರುಗಳ ನಡುವೆ ಹೆಡ್ ಗ್ಯಾಸ್ಕೆಟ್, ಅಂದರೆ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು, ಹೋಗಿತ್ತು. ಈ ಎಂಜಿನ್ನಿನಲ್ಲಿ ಆ ಎರಡು ಸಿಲಿಂಡರುಗಳ ಎಕ್ಸಾಸ್ಟ್ ಒಂದೇ ಕಿಂಡಿಯಿಂದ ಹೊರಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಯುವ ಜಾಗ ಅದೇ.

ತಪ್ಪಾಗಿದ್ದು ಎಲ್ಲಿ? ಕೆಮಿಕಲ್ ಕೆಟ್ಟದ್ದಲ್ಲ. ರೇಡಿಯೇಟರನ್ನು ಎಂಜಿನ್ನಿಗೆ ಜೋಡಿಸಿಟ್ಟೇ ತೊಳೆದದ್ದು ತಪ್ಪು. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರಾದರೂ ಓದಿ.

ಪಂಪು ನೀರನ್ನು ಬ್ಲಾಕಿನ ಮುಂಭಾಗಕ್ಕೆ ತಳ್ಳುತ್ತದೆ. ನೀರು ಸಿಲಿಂಡರುಗಳ ಸುತ್ತ ಹರಿದು, ಹೆಡ್ಡಿಗೆ ಏರಿ, ಥರ್ಮೋಸ್ಟಾಟ್ (ನೀರು ಕಾದಾಗ ತೆರೆದುಕೊಳ್ಳುವ ಕವಾಟ) ದಾಟಿ, ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರಿನ ಮೇಲ್ತೊಟ್ಟಿಗೆ ಬೀಳುತ್ತದೆ. ಹೂಳು ಕೂರುವುದು ಹರಿವು ಮಂದವಾದ ಕಡೆ, ಅಂದರೆ ಬ್ಲಾಕಿನ ಹಿಂಭಾಗದ ತಳದಲ್ಲಿ, 4ನೇ ಸಿಲಿಂಡರಿನ ಬುಡದಲ್ಲಿ. ಕೆಮಿಕಲ್ ಈ ಹೂಳನ್ನೆಲ್ಲ ಕರಗಿಸುತ್ತದೆ ಅಂತ ನಾನು ನಂಬಿದ್ದೆ. ಅರ್ಧ ಗಂಟೆಯಲ್ಲಿ ಅದು ಕರಗಿಸುವುದು ಮೇಲಿನ ತೆಳುವಾದ ಪದರವನ್ನು ಮಾತ್ರ. ಉಳಿದದ್ದರ ಬುಡ ಸಡಿಲವಾಗುತ್ತದೆ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಎದ್ದ ಚಕ್ಕೆ ಎಲ್ಲಿಗೆ ಹೋಗಬೇಕು? ಮುಂದಿನ ನಿಲ್ದಾಣ ರೇಡಿಯೇಟರು. ಅದರ ಕೊಳವೆಗಳೊಳಗಿನ ಸಂದು ಕೆಲವೇ ಮಿಲಿಮೀಟರು. ಚಕ್ಕೆಗಳೆಲ್ಲ ಆ ಕೊಳವೆಗಳ ಬಾಯಿಗೆ ಹೋಗಿ ಕೂತವು. ನಾನು ಬಸಿದ ಕಷಾಯ ಬರೀ ಬಣ್ಣದ ನೀರು, ಗಟ್ಟಿ ಮಾಲು ಒಳಗೇ ಉಳಿದಿತ್ತು. ನಾಲ್ಕನೇ ಸಿಲಿಂಡರಿನ ಬುಡದಲ್ಲಿ ತನ್ನ ಪಾಡಿಗೆ ಮಲಗಿದ್ದ ಹೂಳನ್ನು ಎಬ್ಬಿಸಿ, ಗಾಡಿಯಲ್ಲೇ ಅತ್ಯಂತ ಕಿರಿದಾದ ದಾರಿಗೆ ಸಾಗಿಸಿದ್ದೆ. ತೊಳೆಯುವ ಮುಂಚೆ ಏರಿನಲ್ಲಿ ಮಾತ್ರ ಕುದಿಯುತ್ತಿದ್ದ ಗಾಡಿ, ತೊಳೆದ ಮೇಲೆ ಸಮತಟ್ಟು ರಸ್ತೆಯಲ್ಲೂ ಕುದಿಯಿತು.

ಆದ್ದರಿಂದ ಮೊದಲ ಕೆಲಸ: ರೇಡಿಯೇಟರ್ ಬಿಚ್ಚಿ ಪಕ್ಕಕ್ಕಿಡಿ. ಹೀಟರಿನ ಎರಡೂ ಹೋಸ್ ಕಳಚಿ. ಥರ್ಮೋಸ್ಟಾಟ್ ತೆಗೆಯಿರಿ. ಅದರ ಅಲ್ಯೂಮಿನಿಯಂ ಗೂಡು ಸ್ಟಡ್ಡುಗಳಿಗೆ ಕಚ್ಚಿಕೊಂಡಿರುತ್ತದೆ; ಸುತ್ತಿಗೆಯಿಂದ ಬಡಿಯಬೇಡಿ, ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಿರಿ. ಆಮೇಲೆ ಬ್ಲಾಕಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ಕೈಗೆ ತೆಗೆದುಕೊಳ್ಳಿ. ನಲ್ಲಿ ಕೆಟ್ಟಿಲ್ಲ, ಅದರ ಹಿಂದಿನ ತೂತು ಹೂಳಿನಿಂದ ಕಟ್ಟಿಕೊಂಡಿದೆ. ನನ್ನದರಲ್ಲಿ ನಲ್ಲಿ ಕೈಗೆ ಬಂದ ಮೇಲೂ ಏನೂ ಸುರಿಯಲಿಲ್ಲ. ಸ್ಕ್ರೂಡ್ರೈವರ್ ತೂರಿಸಿದರೆ ಗೋಡೆಗೆ ತಾಗಿದ ಹಾಗೆ ಟಕ್ ಅಂದಿತು. ಗಟ್ಟಿ ತಂತಿಯ ತುದಿ ಬಗ್ಗಿಸಿ ಕೊರೆದೆ, ಕೊರೆದೆ. ಹತ್ತು ನಿಮಿಷಕ್ಕೆ ಮೊದಲ ಹನಿ, ಆಮೇಲೆ ಕರಿ ಕೆಸರು.

ಅಷ್ಟಕ್ಕೇ ನಿಲ್ಲಿಸಬೇಡಿ. ಬ್ಲಾಕಿನ ಬದಿಯಲ್ಲಿ ನಾಣ್ಯದಂತೆ ಕೂತಿರುವ ಲೋಹದ ಬಿರಡೆಗಳನ್ನೂ, ಅಂದರೆ ಕೋರ್ ಪ್ಲಗ್ಗುಗಳನ್ನೂ ಕಿತ್ತುಹಾಕಿ. ನಾನು ಹಿಂದಿನದನ್ನು ಕಿತ್ತು ಟಾರ್ಚ್ ಬಿಟ್ಟು ನೋಡಿದಾಗ ನೀರು ಹರಿಯಬೇಕಾದ ಜಾಗವೇ ಕಾಣಲಿಲ್ಲ. ಕೆರೆದು ತೆಗೆದ ಮಾಲನ್ನು ಒಣಗಿಸಿ ನೋಡಿದೆ, ಒಂದು ದೊಡ್ಡ ಲೋಟದಷ್ಟಿತ್ತು. ಕರಿ ತುಕ್ಕು, ಸುಣ್ಣದ ಚಕ್ಕೆ, ನಡುವೆ ಮರಳಿನ ಕಾಳು. ಆ ಮರಳು ಎರಕ ಹೊಯ್ದ ಅಚ್ಚಿನದ್ದಿರಬೇಕು, ಕಾರ್ಖಾನೆಯಿಂದಲೇ ಒಳಗೆ ಉಳಿದದ್ದು. ಅಯಸ್ಕಾಂತ ಹಿಡಿದರೆ ಮುಕ್ಕಾಲು ಪಾಲು ಎದ್ದು ಅಂಟಿತು. ನೀವೂ ಮೊದಲು ಬೆರಳ ನಡುವೆ ತಿಕ್ಕಿ ನೋಡಿ. ಗರಗರ ಅಂದರೆ ತುಕ್ಕು. ಜಿಡ್ಡುಜಿಡ್ಡಾಗಿದ್ದರೆ ಎಣ್ಣೆ ಸೇರಿದೆ, ಮೊದಲು ನೋಡಬೇಕಾದ್ದು ಹೆಡ್ ಗ್ಯಾಸ್ಕೆಟ್.

ಕೆರೆದ ಮೇಲೆ ಹೋಸಿನಿಂದ ನೀರು ಬಿಡಿ, ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ, ತಿಳಿನೀರು ಬರುವವರೆಗೆ. ಎಂಜಿನ್ ತಣ್ಣಗಿರಬೇಕು. ಕಾದ ಬೀಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ಈಗ ಕೆಮಿಕಲ್ಲಿನ ಸರದಿ. ಸಿಟ್ರಿಕ್ ಆಸಿಡ್ ಸಾಕು, ಲೀಟರ್ ಬಿಸಿನೀರಿಗೆ 50 ಗ್ರಾಂ. ತಾತ್ಕಾಲಿಕವಾಗಿ ತೂತುಗಳನ್ನು ಮುಚ್ಚಿ, ಥರ್ಮೋಸ್ಟಾಟಿನ ಬಾಯಿಂದ ಬ್ಲಾಕಿಗೆ ತುಂಬಿ, ಕೆಲವು ಗಂಟೆ ಬಿಟ್ಟು ಬಸಿಯಿರಿ. ನಾನು ಹೀಗೆ ಮೂರು ಸಲ ಮಾಡಿದೆ. ಆಮೇಲೆ ಅಡುಗೆ ಸೋಡಾ ಕದಡಿದ ನೀರು ಒಂದು ಸುತ್ತು, ಬರೀ ನೀರು ಎರಡು ಸುತ್ತು. ತೊಳೆದ ಕಬ್ಬಿಣ ಗಂಟೆಗಳಲ್ಲೇ ಮತ್ತೆ ತುಕ್ಕು ಹಿಡಿಯಲು ಶುರುಮಾಡುತ್ತದೆ, ಹಾಗಾಗಿ ಕೂಲಂಟ್ ತುಂಬುವುದನ್ನು ನಾಳೆಗೆ ಮುಂದೂಡುವಂತಿಲ್ಲ. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಅನ್ನುವವರ ಮಾತು ಕೇಳಬೇಡಿ, ಅದು ತುಕ್ಕಿನ ಜೊತೆ ಕಬ್ಬಿಣವನ್ನೂ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಥರ್ಮೋಸ್ಟಾಟ್ ಕಿತ್ತೆಸೆದು ಓಡಿಸಿ ಎಂಬ ಸಲಹೆಯೂ ನಿಮಗೆ ಸಿಗುತ್ತದೆ. ಹೂಳು ಇದ್ದಲ್ಲೇ ಇರುತ್ತದೆ, ಅಷ್ಟೇ.

ರೇಡಿಯೇಟರಿಗೆ ಒಂದು ಪರೀಕ್ಷೆ. ಕೆಳಗಿನ ಬಾಯಿಗೆ ಅಂಗೈ ಒತ್ತಿ, ತುಂಬ ನೀರು ತುಂಬಿ, ಕೈ ತೆಗೆಯಿರಿ. ದಬದಬ ಸುರಿದರೆ ಸರಿ. ಸಣ್ಣ ಧಾರೆಯಾಗಿ ಬಿದ್ದರೆ ಕೊಳವೆ ಕಟ್ಟಿದೆ. ಆಗ ಬೆಸುಗೆ ಬಲ್ಲವರ ಹತ್ತಿರ ಮೇಲ್ತೊಟ್ಟಿ ಬಿಚ್ಚಿಸಿ, ಒಂದೊಂದೇ ಕೊಳವೆಗೆ ಸರಳು ಹಾಯಿಸಬೇಕು. ನನ್ನದಕ್ಕೆ ಅದೇ ಆಗಬೇಕಾಯಿತು.

ಜೋಡಿಸುವಾಗ ಮೇಲಿನ ಹೋಸಿನ ರೇಡಿಯೇಟರ್ ತುದಿಗೆ ಹಳೆಯ ನೈಲಾನ್ ಸ್ಟಾಕಿಂಗಿನ ಪಾದದ ಭಾಗವನ್ನು ಚೀಲದ ಹಾಗೆ ಸಿಕ್ಕಿಸಿ. ಮೊದಲ 100 ಕಿಲೋಮೀಟರಿಗೆ ಬಿಚ್ಚಿ ನೋಡಿದಾಗ, ಅಷ್ಟೆಲ್ಲ ತೊಳೆದ ಮೇಲೂ, ಒಂದು ಚಮಚ ಚಕ್ಕೆ ಅದರಲ್ಲಿತ್ತು. ಮೊದಲ ಸಲವೇ ಇದನ್ನು ಹಾಕಿದ್ದರೆ ಗ್ಯಾಸ್ಕೆಟ್ ಉಳಿಯುತ್ತಿತ್ತೇನೋ.

ಕೂಲಂಟ್ ಹಳೆಯ ಬಗೆಯ ಸಿಲಿಕೇಟ್ ಇರುವಂಥದ್ದು, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್, ಎರಡು ವರ್ಷಕ್ಕೊಮ್ಮೆ ಬದಲು. ಬಸಿದದ್ದನ್ನು ತೆರೆದಿಡಬೇಡಿ, ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಕೋರ್ ಪ್ಲಗ್ ಹಿತ್ತಾಳೆಯದ್ದೇ ಹೊಸದಾಗಿ ಹಾಕಿ. ನನ್ನ ಹಳೆಯ ಮೂರರಲ್ಲಿ ಒಂದಕ್ಕೆ ಬೆರಳು ಒತ್ತಿದರೆ ತೂತಾಯಿತು, ಅಲ್ಲಿಯವರೆಗೆ ನೀರು ತಡೆದಿದ್ದದ್ದು ತುಕ್ಕೇ.

ನಿಮ್ಮದು ಯಾವ ಗಾಡಿ ಅಂತ ಬರೆದಿಲ್ಲ. ಹೆಡ್ಡಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅಲ್ಯೂಮಿನಿಯಂ, ಸಿಟ್ರಿಕ್ ಆಸಿಡ್ಡಿನ ಸಂಗತಿ ಮರೆತು ತಂತಿ ಮತ್ತು ನೀರಿನಲ್ಲೇ ಮುಗಿಸಿ.