ಒಂದೇ ಕೆಲಸಕ್ಕೆ ಎರಡು ಸಂಬಳ: ದೂರು ಕೊಡುವ ಮುನ್ನ
ನೀವು ದಾಸ್ತಾನು ಲೆಕ್ಕ ನೋಡುವ ಕಾರ್ಕಳದ ಗೇರುಬೀಜದ ಕಾರ್ಖಾನೆಯಲ್ಲಿ ಮ್ಯಾನೇಜರರ ಸಂಬಂಧಿಯೊಬ್ಬರು ನಿಮ್ಮ ನಂತರ ಸೇರಿದರೂ ಅದೇ ಕೆಲಸಕ್ಕೆ ಅವರಿಗೆ ತಿಂಗಳಿಗೆ 4,000 ರೂಪಾಯಿ ಹೆಚ್ಚು ಸಿಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇದಕ್ಕೆ ಸ್ವಜನಪಕ್ಷಪಾತವೇ ಕಾರಣವಿರಬಹುದಾದರೂ, ಕಾನೂನಿನ ಮುಂದೆ ಆ ಮಾತೊಂದೇ ನಿಲ್ಲುವುದು ಕಷ್ಟ. ಅವರು ಗಂಡಸು, ನೀವು ಹೆಂಗಸು ಎಂಬುದೇ ನಿಮ್ಮ ಗಟ್ಟಿ ಆಧಾರ. ಒಂದೇ ಬಗೆಯ ಕೆಲಸಕ್ಕೆ ಲಿಂಗದ ಕಾರಣದಿಂದ ವೇತನಭೇದ ಮಾಡುವುದನ್ನು 2019ರ ವೇತನ ಸಂಹಿತೆಯ 3ನೇ ಸೆಕ್ಷನ್ ನಿಷೇಧಿಸುತ್ತದೆ.

ಮೊದಲು ನಿಮ್ಮ ನೇಮಕಾತಿ ಪತ್ರ, ಸಂಬಳ ಚೀಟಿಗಳನ್ನು ಒಟ್ಟುಮಾಡಿ, ಇಬ್ಬರೂ ಸಹಿ ಹಾಕಿದ ದಾಸ್ತಾನು ಪುಟಗಳ ದಿನಾಂಕಗಳನ್ನು ಬರೆದಿಡಿ. ಬಳಿಕ ಪಕ್ಷಪಾತದ ಮಾತೆತ್ತದೆ, ವ್ಯತ್ಯಾಸಕ್ಕೆ ಕಾರಣವನ್ನಷ್ಟೇ ಕೇಳಿ ಲಿಖಿತ ಮನವಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ; ಮಂಗಳೂರಿನಲ್ಲಿ ನನ್ನ ಪ್ರಕರಣದಲ್ಲಿ ಕೊನೆಗೆ ಕೈಹಿಡಿದದ್ದು ಆ ಸ್ವೀಕೃತಿಯ ನೀಲಿ ಮೊಹರೇ. ಆ ಸಂಬಂಧಿಯ ಅನುಭವ ನಿಜಕ್ಕೂ ನಿಮಗಿಂತ ಹೆಚ್ಚಿದ್ದರೆ ಫಲಿತಾಂಶ ನಿಮ್ಮ ಪರವೇ ಎನ್ನಲಾಗದು. ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ನಕಲಿನೊಂದಿಗೆ ಉಡುಪಿ ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ ದೂರು ಸಲ್ಲಿಸಿ.