ಆಸ್ಪತ್ರೆಯ ಮಾಳಿಗೆಗೆ ಎಂಥ ಸೋಲಾರ್?

ಪ್ರಶ್ನೆ: ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕರೆಂಟ್ ಆಗಾಗ ಕೈಕೊಡುತ್ತದೆ. ದಾನಿಯೊಬ್ಬರು ಸೋಲಾರ್ ಹಾಕಿಸಿಕೊಡಲು ಮುಂದೆ ಬಂದಿದ್ದಾರೆ. ಹೆರಿಗೆ ಕೋಣೆ, ಲಸಿಕೆಯ ಫ್ರಿಜ್ ಎರಡೂ ಅದರಿಂದ ನಡೆಯುತ್ತವೆಯೇ?
– ಓದುಗರೊಬ್ಬರು, ರೋಣ ತಾಲ್ಲೂಕು, ಗದಗ ಜಿಲ್ಲೆ

ಉತ್ತರ: ನಡೆಯುತ್ತವೆ, ಆದರೆ ಅವರು ಕೊಡಲಿರುವುದು ಯಾವ ಬಗೆಯದೆಂದು ಮೊದಲು ಕೇಳಿಕೊಳ್ಳಿ. ಬ್ಯಾಟರಿಯಿಲ್ಲದೆ ನೇರವಾಗಿ ವಿದ್ಯುತ್ ಜಾಲಕ್ಕೆ ಜೋಡಿಸುವ ಘಟಕವು ಬಿಲ್ಲನ್ನು ಇಳಿಸುತ್ತದೆಯೇ ಹೊರತು, ಕಂಬ ಹತ್ತಿದ ಲೈನ್‌ಮನ್‌ಗೆ ಅಪಾಯವಾಗಬಾರದೆಂದು, ಕರೆಂಟ್ ಹೋದ ಕ್ಷಣವೇ ತಾನೂ ನಿಂತುಬಿಡುತ್ತದೆ. ನೆತ್ತಿ ಸುಡುವ ಬಿಸಿಲಿದ್ದರೂ ಹೆರಿಗೆ ಕೋಣೆಗೆ ಅದರಿಂದ ಉಪಯೋಗವಿಲ್ಲ. ನಿಮಗೆ ಬೇಕಾದದ್ದು ಬ್ಯಾಟರಿಯುಳ್ಳ ಘಟಕ.

ಎಲ್‌ಇಡಿ ದೀಪಗಳಿಗೆ ಹೆಚ್ಚು ವಿದ್ಯುತ್ ಬೇಡ. ಎಳೆಗೂಸನ್ನು ಬೆಚ್ಚಗಿಡುವ ವಾರ್ಮರ್ ಮತ್ತು ಉಪಕರಣಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ ಮಾತ್ರ ಹೊಟ್ಟೆಬಾಕಗಳು. ವಾರ್ಮರನ್ನು ಲೆಕ್ಕಕ್ಕೆ ಸೇರಿಸಿ, ಆಟೋಕ್ಲೇವನ್ನು ಮಾಮೂಲಿ ಲೈನಿಗೇ ಬಿಡುವುದು ಮೇಲು. ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ಹಗಲಿನ ಬಿಸಿಲಿನಿಂದಲೇ ಓಡಿ, ಒಳಗೆ ಕಟ್ಟಿದ ಮಂಜುಗಡ್ಡೆಯ ತಂಪಿನಲ್ಲಿ ರಾತ್ರಿ ಕಳೆಯುವ, ಬ್ಯಾಟರಿಯೇ ಬೇಡದ ಫ್ರಿಜ್‌ಗಳನ್ನು ಆಫ್ರಿಕಾದ ಹಲವು ದೇಶಗಳ ಹಳ್ಳಿ ಆಸ್ಪತ್ರೆಗಳು ಈಗಾಗಲೇ ಬಳಸುತ್ತಿವೆ.

ದಾನಿಗಳ ಉತ್ಸಾಹ ಉದ್ಘಾಟನೆಯ ದಿನಕ್ಕೇ ಮುಗಿಯುವುದೂ ಉಂಟು. ಎರೆಹೊಲದ ದೂಳು ಫಲಕದ ಮೇಲೆ ಕೂತರೆ ಉತ್ಪಾದನೆ ತಗ್ಗುತ್ತದೆ. ಮಾಮೂಲಿ ಲೆಡ್ ಆ್ಯಸಿಡ್ ಬ್ಯಾಟರಿಗೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಕೆಲವು ವರ್ಷಗಳಲ್ಲಿ ಬ್ಯಾಟರಿಯನ್ನೇ ಬದಲಿಸಬೇಕು. ಆ ಹಣವನ್ನು ಈಗಿನಿಂದಲೇ ತೆಗೆದಿರಿಸುವಂತೆ, ಫಲಕ ಒರೆಸುವ ಹೊಣೆ ಯಾರದೆಂಬುದನ್ನೂ ಸೇರಿಸಿ, ಆರೋಗ್ಯ ರಕ್ಷಾ ಸಮಿತಿಯಲ್ಲಿ ಠರಾವು ಮಾಡಿಸಿ.