ಕಾರ್ಡ್ ಇದ್ದೂ ಘಾಟಿ ಇಳಿಯುವುದು ಏಕೆಂದರೆ

'ಐದು ಲಕ್ಷದ ಆಯುಷ್ಮಾನ್ ಕಾರ್ಡ್ ಇಟ್ಟುಕೊಂಡು ಅಣ್ಣನ ಒಂದು ಹರ್ನಿಯಾಕ್ಕೆ ಮಣಿಪಾಲದವರೆಗೆ ಹೋದಿರಾ? ನಿಮ್ಮ ಕಾಡಿನಲ್ಲಿ ಡಾಕ್ಟರೇ ಇಲ್ಲವೇ?' ಎಂದು ಬೆಂಗಳೂರಿನಲ್ಲಿ ಕುಳಿತು ಕೇಳಿದೆಯಲ್ಲ ಮಾರಾಯ. ಆಗುಂಬೆ ಸೀಮೆಯವರಿಗೆ ಘಾಟಿ ಇಳಿಯುವುದೆಂದರೆ ನೆರೆಮನೆಗೆ ಹೋದಂತೆ. 14 ತಿರುವು ಕಳೆದರೆ ಉಡುಪಿ ಜಿಲ್ಲೆ. ಮೀನಿಗೂ ಅಲ್ಲಿಗೇ, ಮದುವೆಗೂ ಅಲ್ಲಿಗೇ.

ಡಾಕ್ಟರೂ ಇದ್ದಾರೆ. ಹತ್ತಿರದ ಪೇಟೆಯಲ್ಲಿ ಸಣ್ಣ ಆಸ್ಪತ್ರೆ ನಡೆಸುವ ಸರ್ಜನ್‌ರ ಕೈಗುಣಕ್ಕೆ ಊರೇ ಸಾಕ್ಷಿ. ಆದರೆ ಅವರು ಯೋಜನೆಯಲ್ಲಿಲ್ಲ. ಏಕೆಂದು ಕೇಳಿದ್ದಕ್ಕೆ ಔಷಧಿ ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಒಂದು ಚಿಕಿತ್ಸೆಗೆ ಆಸ್ಪತ್ರೆಗೆ ಸಿಗುವುದು ಒಂದೇ ಇಡಿಗಂಟು, ಅದಕ್ಕೇ ಪ್ಯಾಕೇಜ್ ಎನ್ನುವುದು. ಹಾಸಿಗೆ, ಔಷಧಿ, ಥಿಯೇಟರ್, ಸರ್ಜನ್ ಶುಲ್ಕ, ಅರಿವಳಿಕೆ, ಎಲ್ಲವೂ ಅದರೊಳಗೇ. ನಿಮ್ಮಲ್ಲಿ ಅರಿವಳಿಕೆ ತಜ್ಞರು ದಿನಕ್ಕೆ ಮೂರು ಥಿಯೇಟರ್ ಸುತ್ತಬಹುದು. ನಮ್ಮಲ್ಲಿಗೆ ಅವರು ಶಿವಮೊಗ್ಗದಿಂದ ಮಳೆಯಲ್ಲಿ ಬಂದು ಹೋಗುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಆ ದಿನದ ಬೆಲೆ ಕೊಟ್ಟ ಮೇಲೆ ಚೀಟಿಯಲ್ಲಿ ಸರ್ಜನ್‌ರ ಪಾಲಿಗೆ ಉಳಿದದ್ದು ಅಡ್ಡಗೆರೆ ಮಾತ್ರ. 2022ರಲ್ಲಿ ಕೇಂದ್ರವು ನಗರದ ದರ್ಜೆ ನೋಡಿ ಪ್ಯಾಕೇಜ್ ದರ ಬೇರೆ ಮಾಡಿತು. ದರ್ಜೆ ಅಳೆದದ್ದು ಊರಿನ ಗಾತ್ರದಿಂದ, ದಾರಿಯ ಉದ್ದದಿಂದಲ್ಲ.

ಸುಮ್ಮನೆ ದರ ಏರಿಸಿದರೆ ಬೇಡದ ಆಪರೇಷನ್ ಮಾಡುವವರೂ ಹುಟ್ಟಿಕೊಳ್ಳುತ್ತಾರೆ, ಗೊತ್ತು. ಅದಕ್ಕೆಂದು ನಮ್ಮ ದಾರಿಯನ್ನು ಲೆಕ್ಕಕ್ಕೇ ಹಿಡಿಯದಿರುವುದು ಯಾವ ನ್ಯಾಯ?

ಇನ್ನು ಸರ್ಕಾರಿ ಆಸ್ಪತ್ರೆ. ಅಣ್ಣನನ್ನು ಕರೆದುಕೊಂಡು ಹೋದಾಗ ಅಲ್ಲಿ ಅರಿವಳಿಕೆಯವರ ಕುರ್ಚಿ ಖಾಲಿ. ತುರ್ತಲ್ಲದ ಕಾಯಿಲೆಗೆ ಅಲ್ಲಿಂದ ರೆಫರಲ್ ಪತ್ರವಿಲ್ಲದೆ ಖಾಸಗಿಯವರು ಕಾರ್ಡ್ ಮುಟ್ಟುವುದಿಲ್ಲ. ಎರಡು ಸಲ ಅಲೆದು ಪತ್ರ ತಂದೆವು. ಅಡಿಕೆ ಸಸಿಯ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಅದನ್ನು ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ತೊಡೆಸಂದು ಒತ್ತಿ ಹಿಡಿದು ಅಣ್ಣ 14 ತಿರುವನ್ನೂ ಎಣಿಸಿದ. ಆಪರೇಷನ್ ಉಚಿತವೇ, ಸುಳ್ಳು ಹೇಳಬಾರದು. ಕಾರಿನ ಬಾಡಿಗೆ, ಜೊತೆಗಿದ್ದವರ ಊಟ, ಅಡಿಕೆ ಕೊನೆ ಕೊಯ್ಲಿನ ನಡುವೆ ಬಿಟ್ಟ ದಿನಗಳು ಮಾತ್ರ ಯಾವ ಪ್ಯಾಕೇಜಿನಲ್ಲೂ ಇಲ್ಲ. ಅದಕ್ಕೆ ಮಂಡಿಯಲ್ಲಿ ಮುಂಗಡ ತಂದದ್ದಾಯಿತು.

ಬೆಂಗಳೂರಿಗೇ ಬಂದುಬಿಡಿ ಎನ್ನಬೇಡ. ಹೊಲಿಗೆ ತೋರಿಸಲು ಗುರುವಾರ ಮತ್ತೆ ಇಳಿಯುತ್ತೇವೆ. ಬರುವಾಗ ಬಂಗಡೆ ತರಲು ಅತ್ತಿಗೆ ಈಗಲೇ ಹೇಳಿಟ್ಟಿದ್ದಾರೆ.